ಮಲ್ಲೇಶ್ವರದಲ್ಲಿ ರೈಲು ನಿಲ್ಲಲಿ

ತುಮಕೂರಿನ ಕಡೆಯ ಹುಡುಗ ಹುಡುಗಿಯರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಪಿ.ಜಿ. ಹಿಡಿಯಬೇಕೋ, ಮನೆಯಿಂದಲೇ ಓಡಾಡಬಹುದೋ? ಮೊದಲ ಸಂಬಳದಲ್ಲಿ ಪಿ.ಜಿ. ಬಾಡಿಗೆ ಕಳೆದರೆ ಮನೆಗೆ ಕಳಿಸಲು ಹೆಚ್ಚೇನೂ ಉಳಿಯುವುದಿಲ್ಲ. ಓಡಾಡುವುದಾದರೆ ರೈಲೇ ಗತಿ. ಆ ರೈಲು ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲುತ್ತದೆ ಎನ್ನುವುದರ ಮೇಲೆ ಕೆಲಸ ಒಪ್ಪಿಕೊಳ್ಳುವುದೋ ಬಿಡುವುದೋ ತೀರ್ಮಾನವಾಗುತ್ತದೆ. ಮಲ್ಲೇಶ್ವರ ರೈಲು ನಿಲ್ದಾಣದ ಬಗ್ಗೆ ಬರೆಯಬೇಕೆಂದು ನನಗೆ ಅನ್ನಿಸಿದ್ದು ಇದಕ್ಕಾಗಿಯೇ.

ಈ ನಿಲ್ದಾಣವಿರುವ ಬೆಂಗಳೂರು–ತುಮಕೂರು ಮಾರ್ಗಕ್ಕೆ 140 ವರ್ಷ ದಾಟಿದೆ. 1876–78ರ ಭೀಕರ ಬರದ ನಂತರ ಮೈಸೂರು ಸಂಸ್ಥಾನ ಹಳಿ ಹಾಕಲು ಮುಂದಾಯಿತು. 1882ರಲ್ಲಿ ಬೆಂಗಳೂರು–ಮೈಸೂರು ಮಾರ್ಗ ಮುಗಿಯಿತು; 1884ರಲ್ಲಿ ತುಮಕೂರಿಗೆ ಮೀಟರ್ ಗೇಜ್ ರೈಲು ಓಡಿತು. ಆಗ ಮಲ್ಲೇಶ್ವರ ಬಡಾವಣೆಯೇ ಇರಲಿಲ್ಲ. 1898ರಲ್ಲಿ ಪ್ಲೇಗು ಬಂದಾಗ ನಮ್ಮ ಮಾಮೂಲ್‌ಪೇಟೆ, ಚಿಕ್ಕಪೇಟೆಯಂಥ ಇಕ್ಕಟ್ಟಿನ ಪೇಟೆಗಳಿಂದ ಜನ ಹೊರಗೆ ಹೋಗಬೇಕಾಯಿತು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆಮೇಲೆ. ಇಲ್ಲಿ ಹಳಿ ಮೊದಲು ಬಂತು, ಬಡಾವಣೆ ಆಮೇಲೆ.

ನಕ್ಷೆ ನೋಡಿದರೆ ಈ ನಿಲ್ದಾಣದ ಮಹತ್ವ ಗೊತ್ತಾಗುತ್ತದೆ. ಮೆಜೆಸ್ಟಿಕ್‌ನ ಸಿಟಿ ನಿಲ್ದಾಣದಿಂದ ಉತ್ತರಕ್ಕೆ ಹೊರಟ ರೈಲು ಮಲ್ಲೇಶ್ವರ ದಾಟಿ ಯಶವಂತಪುರ ಸೇರುತ್ತದೆ. ಅಲ್ಲಿ ದಾರಿ ಎರಡಾಗುತ್ತದೆ: ಒಂದು ತುಮಕೂರು, ಅರಸೀಕೆರೆಯ ಕಡೆಗೆ, ಇನ್ನೊಂದು ಯಲಹಂಕದ ಕಡೆಗೆ. ಎರಡೂ ದಿಕ್ಕಿನಿಂದ ಸಿಟಿಗೆ ಈ ಮಾರ್ಗವಾಗಿ ಬರುವ ರೈಲುಗಳೆಲ್ಲ ಮಲ್ಲೇಶ್ವರದ ಮುಂದೆಯೇ ಹಾದುಹೋಗುತ್ತವೆ, ಆದರೆ ಅವುಗಳಲ್ಲಿ ಹಲವು ಇಲ್ಲಿ ನಿಲ್ಲುವುದಿಲ್ಲ. ಮಲ್ಲೇಶ್ವರದ ಕಾಲೇಜಿಗೆ ಹೋಗಬೇಕಾದವರು ಯಶವಂತಪುರದಲ್ಲೋ ಮೆಜೆಸ್ಟಿಕ್‌ನಲ್ಲೋ ಇಳಿದು, ಮತ್ತೆ ಬಸ್ಸಿಗೋ ಮೆಟ್ರೊಗೋ ಹೋಗುತ್ತಾರೆ. ರೈಲಿನಲ್ಲಿ ಉಳಿಸಿದ ಹೊತ್ತು ಟ್ರಾಫಿಕ್‌ನಲ್ಲಿ ಕಳೆದುಹೋಗುತ್ತದೆ.

ಎಲ್ಲ ಕಡೆ ನಿಲ್ಲಿಸಿದರೆ ರೈಲು ತಡವಾಗುವುದಿಲ್ಲವೇ ಎಂದು ಕೇಳಬಹುದು. ದೂರದ ಎಕ್ಸ್‌ಪ್ರೆಸ್‌ಗಳ ಮಟ್ಟಿಗೆ ಈ ಮಾತು ಸರಿ. ಅವನ್ನು ಇಲ್ಲಿ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಆದರೆ ಮೆಮು ರೈಲು ಇರುವುದೇ ಹತ್ತಿರ ಹತ್ತಿರದ ನಿಲುಗಡೆಗಾಗಿ. ಅದರ ಬೋಗಿಗಳಲ್ಲೇ ಮೋಟಾರ್ ಇರುವುದರಿಂದ ಬೇಗ ವೇಗ ಹಿಡಿಯುತ್ತದೆ. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸುವ ಕೆಲಸವೂ ಇಲ್ಲ. ಬೆಳಿಗ್ಗೆ ಏಳರಿಂದ ಹತ್ತು, ಸಂಜೆ ಐದರಿಂದ ಒಂಬತ್ತರ ನಡುವೆ ಇಂಥ ರೈಲು ಹೆಚ್ಚಾದರೆ ಸಾಕು.

ಮೆಟ್ರೊ ಇದೆಯಲ್ಲ ಎನ್ನುವವರೂ ಇದ್ದಾರೆ. ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಹೋಯಿತು, ಸಂತೋಷ. ಆದರೆ ನಿಡವಂದ, ಹಿರೇಹಳ್ಳಿ, ಕ್ಯಾತಸಂದ್ರದವರಿಗೆ ಅದು ಸಿಗುವುದಿಲ್ಲ. ರೈಲಿನ ಖರ್ಚೂ ಕಡಿಮೆ. ಮಾಸಿಕ ಸೀಸನ್ ಟಿಕೆಟ್‌ನಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ. ಪದವಿಯವರೆಗೆ ಓದುವ ಹೆಣ್ಣುಮಕ್ಕಳಿಗೆ, 12ನೇ ತರಗತಿಯವರೆಗಿನ ಹುಡುಗರಿಗೆ ಮನೆ ಮತ್ತು ಕಾಲೇಜಿನ ನಡುವೆ ಎರಡನೇ ದರ್ಜೆಯ ಪಾಸ್ ಉಚಿತ. ಆದರೆ ಕ್ಲಾಸಿನ ಹೊತ್ತಿಗೆ ರೈಲು ಇಲ್ಲದಿದ್ದರೆ ಆ ಪಾಸ್ ಇದ್ದೂ ಏನು ಪ್ರಯೋಜನ?

ಶಾಶ್ವತ ಪರಿಹಾರ ಉಪನಗರ ರೈಲು. ಮದರಾಸಿನಲ್ಲಿ ಬೀಚ್–ತಾಂಬರಂ ನಡುವೆ ವಿದ್ಯುತ್ ರೈಲು ಓಡಲು ಶುರುವಾಗಿದ್ದು 1931ರಲ್ಲಿ. ನಮ್ಮಲ್ಲಿ 1983ರಲ್ಲೇ ಪ್ರಸ್ತಾಪವಾದರೂ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ, ಶಂಕುಸ್ಥಾಪನೆ ಆದದ್ದು 2022ರ ಜೂನ್‌ನಲ್ಲಿ. 40 ತಿಂಗಳಲ್ಲಿ ಮುಗಿಸುವ ಮಾತು ಅಂದು ವೇದಿಕೆಯಿಂದ ಬಂತು. ಒಟ್ಟು ಸುಮಾರು 148 ಕಿ.ಮೀ., ನಾಲ್ಕು ಮಾರ್ಗ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಸಿಟಿಯಿಂದ ಮಲ್ಲೇಶ್ವರದ ಮೇಲೆ ದೇವನಹಳ್ಳಿಗೆ ಹೋಗಬೇಕಾದದ್ದು ಸಂಪಿಗೆ. ಎಕ್ಸ್‌ಪ್ರೆಸ್, ಗೂಡ್ಸ್ ರೈಲುಗಳಿಗೆ ಕಾಯದೆ ಓಡಲು ಬೇರೆ ಹಳಿ ಸಿಗುವುದು ಇದರಿಂದ. ಆದರೆ ಮೊದಲು ಕೈಗೆತ್ತಿಕೊಂಡದ್ದು ಮಲ್ಲಿಗೆ ಮತ್ತು ಕನಕ. ಸಂಪಿಗೆ ಸರದಿಯಲ್ಲೇ ಉಳಿಯಿತು.

ಈ ನಡುವೆ ಅಮೃತ್ ಭಾರತ್ ಯೋಜನೆಯಲ್ಲಿ ಮಲ್ಲೇಶ್ವರ ನಿಲ್ದಾಣವೂ ಸೇರಿದೆ. ಒಳ್ಳೆಯ ಕಮಾನು, ಬೆಳಕು, ಲಿಫ್ಟ್ ಬರಲಿ, ಬೇಡ ಎನ್ನುವವರು ಯಾರು? ಆದರೆ ಹಳೆಯ ನಿಲ್ದಾಣಕ್ಕೆ ನಿಜವಾದ ಗೌರವ ಸಿಗುವುದು ಅಲ್ಲಿ ಜನ ಹತ್ತಿ ಇಳಿದಾಗ. ಸುಣ್ಣ ಬಣ್ಣಕ್ಕೆ ಹಣ ಕೊಟ್ಟವರು ವೇಳಾಪಟ್ಟಿಯ ಕಡೆಗೂ ಒಮ್ಮೆ ಕಣ್ಣು ಹಾಯಿಸಲಿ.

ಉಪನಗರ ರೈಲು ಬರುವವರೆಗೂ ಕಾಯಬೇಕಿಲ್ಲ. ಬೆಳಿಗ್ಗೆ ಮತ್ತು ಸಂಜೆ ಮೆಮು ಹೆಚ್ಚಿಸುವುದು, ಅವೆಲ್ಲವನ್ನೂ ಮಲ್ಲೇಶ್ವರದಲ್ಲಿ ನಿಲ್ಲಿಸುವುದು, ನಿಲ್ದಾಣದಿಂದ ಬಸ್ಸು, ಮೆಟ್ರೊಗೆ ಹೆಣ್ಣುಮಕ್ಕಳು ರಾತ್ರಿಯೂ ಧೈರ್ಯವಾಗಿ ನಡೆಯಬಹುದಾದ ಬೆಳಕಿನ ದಾರಿ ಮಾಡುವುದು: ಇವು ಈಗಲೇ ಆಗಬಹುದಾದ ಕೆಲಸ. ಈ ಮಾರ್ಗದಲ್ಲಿ ಓಡಾಡುವ ಸ್ನೇಹಿತರೇ, ನೀವು ಹೋಗುವ ಹೊತ್ತು, ಬರುವ ಹೊತ್ತು, ಹತ್ತುವ ಊರು ಬರೆದು ಕಾಲೇಜಿನಿಂದ, ಕಚೇರಿಯಿಂದ ಸಹಿ ಸಂಗ್ರಹಿಸಿ ನೈರುತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೂ ನಿಮ್ಮ ಸಂಸದರಿಗೂ ಕಳಿಸಿ. ಹೊಸ ವೇಳಾಪಟ್ಟಿ ಸಿದ್ಧವಾಗುವ ಮೊದಲೇ ನಮ್ಮ ಲೆಕ್ಕ ಅವರ ಮೇಜಿನ ಮೇಲಿರಲಿ.