ಎಲುಬಿನ ಬೇನೆ, ಎದೆಯ ಎಚ್ಚರ

ಕಾಯಕಕ್ಕೆ ಕಾಯವೇ ಮೊದಲ ಸಾಧನ. ಆ ಕಾಯವನ್ನು ಎತ್ತಿ ನಿಲ್ಲಿಸುವುದು ಎಲುಬು. ಅದಕ್ಕೆ ರಕ್ತವನ್ನೆರೆದು ನಡೆಸುವುದು ಹೃದಯ. ಆದರೆ ಇವೆರಡಕ್ಕೂ ಸಂಬಂಧವೇ ಇಲ್ಲವೆಂಬ ಭಾವನೆ ನಮ್ಮ ಜನರಲ್ಲಿ ಬಲವಾಗಿದೆ. ಮೊಣಕಾಲು ನೋವೆಂದು ಬಂದವರಿಗೆ ರಕ್ತದೊತ್ತಡ ನೋಡಿಸಿಕೊಳ್ಳಿರೆಂದರೆ, ‘ನೋವು ಕಾಲಿನಲ್ಲಿದೆ, ಎದೆಯಲ್ಲೇನೂ ಇಲ್ಲ’ ಎಂಬ ಉತ್ತರ ಬರುತ್ತದೆ. ಎಲುಬು, ಕೀಲುಗಳ ದೀರ್ಘ ಬೇನೆಯುಳ್ಳ ಪ್ರತಿಯೊಬ್ಬರೂ ಹೃದಯವನ್ನೂ ಪರೀಕ್ಷಿಸಿಕೊಳ್ಳಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಆಯುರ್ವೇದವು ಸಪ್ತಧಾತುಗಳನ್ನು ಒಂದನ್ನೊಂದು ಪೋಷಿಸುವ ಸರಪಳಿಯಾಗಿ ಕಾಣುತ್ತದೆ. ಮೇದಸ್ಸಿನ ಬಳಿಕ ಬರುವುದು ಅಸ್ಥಿ. ಮೇದಸ್ಸು ಕೆಟ್ಟರೆ ಎಲುಬೂ ಸೊರಗುತ್ತದೆ, ರಕ್ತದ ಹಾದಿಯೂ ಕೆಡುತ್ತದೆ. ಸಾವಿರ ವರ್ಷಗಳಿಗೂ ಹಿಂದಿನ ಮಾಧವನಿದಾನವು ಆಮವಾತವನ್ನು ವರ್ಣಿಸುವಾಗ ಕೀಲುಗಳ ಊತ, ನೋವುಗಳೊಂದಿಗೆ ಹೃದ್ಗ್ರಹವನ್ನೂ, ಅಂದರೆ ಎದೆ ಹಿಡಿದಂತಾಗುವುದನ್ನೂ ಹೇಳಿದೆ. ಆಮವಾತಕ್ಕೆ ಹೋಲಿಸಲಾಗುವ ರುಮಟಾಯ್ಡ್ ಸಂಧಿವಾತವುಳ್ಳವರಲ್ಲಿ ಹೃದ್ರೋಗದ ಅಪಾಯ ಇತರರಿಗಿಂತ ಸುಮಾರು ಒಂದೂವರೆ ಪಟ್ಟು ಎಂಬುದನ್ನು ಆಧುನಿಕ ವೈದ್ಯವೂ ಒಪ್ಪಿದೆ. ಕೀಲನ್ನು ಸುಡುವ ಉರಿಯೂತವೇ ರಕ್ತನಾಳಗಳ ಒಳಪದರವನ್ನೂ ಕೆಡಿಸುತ್ತದೆ.

ಎಲುಬು ಟೊಳ್ಳಾಗುವ ಅಸ್ಥಿಕ್ಷಯದ ಕಥೆಯೂ ಹೀಗೆಯೇ. ದೇಹದ ಸುಣ್ಣದಲ್ಲಿ ನೂರಕ್ಕೆ 99 ಪಾಲು ಎಲುಬಿನಲ್ಲಿದೆ. ವಯಸ್ಸಾದಂತೆ ಎಲುಬು ಸುಣ್ಣವನ್ನು ಕಳೆದುಕೊಳ್ಳುತ್ತಿರುವಾಗಲೇ ಹಲವರ ರಕ್ತನಾಳಗಳ ಗೋಡೆಯಲ್ಲಿ ಸುಣ್ಣ ಕಟ್ಟುತ್ತಿರುತ್ತದೆ. ಮುಟ್ಟು ನಿಂತ ತಾಯಂದಿರಲ್ಲಿ ಎಲುಬಿನ ಸವಕಳಿ ಬೇಗ ಹೆಚ್ಚುತ್ತದೆ, ಹೃದಯಕ್ಕಿದ್ದ ಸಹಜ ರಕ್ಷಣೆಯೂ ಕುಗ್ಗುತ್ತದೆ. ಎಲುಬಿನ ರೋಗವೊಂದೇ ಹೃದ್ರೋಗವನ್ನು ತರುತ್ತದೆಂದು ಇದರರ್ಥವಲ್ಲ. ಎರಡರ ಬೇರುಗಳೂ ಒಂದೇ ನೆಲದಲ್ಲಿವೆ: ವಯಸ್ಸು, ತಂಬಾಕು, ಮಧುಮೇಹ, ಚಲನೆಯಿಲ್ಲದ ಬಾಳು.

ನಮ್ಮ ಸೀಮೆಗೆ ಇನ್ನೆರಡು ಕಾರಣಗಳು ಕೂಡಿವೆ. ತುಂಗಭದ್ರೆಯ ನೀರು ಕಾಲುವೆಗೆ ಬಂದ ಮೇಲೆ ಸಿಂಧನೂರು ಸೀಮೆ ನೆಲ್ಲಿನ ಕಣಜವಾಯಿತು. ಮುಕ್ಕುಂದದ ಸುತ್ತಮುತ್ತ ಕೆಸರಿನಲ್ಲಿ ದಿನವಿಡೀ ಬಾಗಿ ನಾಟಿ ಮಾಡುವ ತಾಯಂದಿರ ಸೊಂಟ, ಮೊಣಕಾಲುಗಳು ಬೇಗನೆ ಸೋಲುತ್ತವೆ. ಇನ್ನು ನಮ್ಮ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಬಹಳವಾಗಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನು, ಕೀಲುಗಳು ಸೆಟೆದುಕೊಳ್ಳುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗದು. ಹೀಗೆ ನಡೆಯಲಾರದೆ ಕುಳಿತವರಿಗೆ ಬೊಜ್ಜು, ರಕ್ತದೊತ್ತಡ, ಸಕ್ಕರೆ ಬೆನ್ನು ಹತ್ತುತ್ತವೆ.

ಎಲ್ಲಕ್ಕಿಂತ ನಮ್ಮನ್ನು ಚಿಂತೆಗೀಡುಮಾಡಿರುವುದು ನೋವಿನ ಗುಳಿಗೆ. ಕೂಲಿ ತಪ್ಪಬಾರದೆಂದು ಮುಂಜಾನೆ ಒಂದು ನುಂಗಿ ಗದ್ದೆಗಿಳಿಯುವವರನ್ನು ದೂಷಿಸಲು ನಮಗೆ ಮನಸ್ಸಿಲ್ಲ. ಆದರೆ ಸತ್ಯವನ್ನು ಮುಚ್ಚಿಡಲೂ ಆಗದು. ಡೈಕ್ಲೋಫೆನಾಕ್‌ನಂತಹ ಗುಳಿಗೆಗಳು ದೀರ್ಘ ಬಳಕೆಯಲ್ಲಿ ರಕ್ತದೊತ್ತಡವನ್ನೂ ಹೃದಯಾಘಾತದ ಅಪಾಯವನ್ನೂ ಹೆಚ್ಚಿಸುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಇದೇ ವರ್ಗದ ರೋಫೆಕಾಕ್ಸಿಬ್ ಎಂಬ ಗುಳಿಗೆಯನ್ನು ಹೃದಯಾಘಾತದ ಅಪಾಯ ಕಂಡುಬಂದುದರಿಂದ 2004ರಲ್ಲಿ ತಯಾರಕರೇ ಹಿಂತೆಗೆದುಕೊಂಡರು. ನಾಟಿ ಔಷಧಿಯೆಂಬ ಹೆಸರಿನಲ್ಲಿ ಸಂತೆ, ಜಾತ್ರೆಗಳಲ್ಲಿ ಮಾರುವ ಗುರುತಿಲ್ಲದ ಪುಡಿಗಳನ್ನು ನಂಬುವುದೂ ತರವಲ್ಲ. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಅದು ನೋವನ್ನು ಮರೆಸಿ ಎಲುಬನ್ನು ಸವೆಸುತ್ತದೆ, ಸಕ್ಕರೆಯನ್ನೂ ಒತ್ತಡವನ್ನೂ ಏರಿಸುತ್ತದೆ. ಆಯುರ್ವೇದದ ಹೆಸರಿಗೆ ಇದಕ್ಕಿಂತ ದೊಡ್ಡ ಕಳಂಕವಿಲ್ಲ.

ಆಚರಿಸಬೇಕಾದದ್ದು ಕಠಿಣವೇನಲ್ಲ. ಕೀಲುನೋವು ಮೂರು ತಿಂಗಳು ಮೀರಿದರೆ ರಕ್ತದೊತ್ತಡ, ಸಕ್ಕರೆ, ಕೊಬ್ಬುಗಳ ಪರೀಕ್ಷೆಯಾಗಲಿ. ಜೋಳದ ರೊಟ್ಟಿಯೊಡನೆ ಸೊಪ್ಪು, ಎಳ್ಳು, ಮಜ್ಜಿಗೆ ಇರಲಿ. ವಾರಕ್ಕೆ ಕೆಲವು ದಿನವಾದರೂ ರಾಗಿ ಇರಲಿ. ಉಪ್ಪಿನಕಾಯಿ, ಹಪ್ಪಳ ಕಡಿಮೆಯಾಗಲಿ, ತಂಬಾಕು ದೂರವಾಗಲಿ. ಕುಡಿಯುವ ನೀರಿನ ಪರೀಕ್ಷೆಯನ್ನು ಪಂಚಾಯಿತಿಯಲ್ಲಿ ಕೇಳಿ ಪಡೆಯಿರಿ. ಹೃದಯದ ಔಷಧಿ ತೆಗೆದುಕೊಳ್ಳುತ್ತಿರುವವರು ನಮ್ಮ ಕಷಾಯವನ್ನು ನೆಚ್ಚಿ ಅದನ್ನು ನಿಲ್ಲಿಸಬಾರದು.

ಇನ್ನೊಂದು ಮಾತು. ಎದೆ ಬಿಗಿತ, ತಣ್ಣನೆಯ ಬೆವರು, ಏದುಸಿರುಗಳೊಡನೆ ಎಡದೋಳು ಅಥವಾ ದವಡೆ ನೋಯತೊಡಗಿದರೆ ‘ವಾಯು ಹಿಡಿದಿದೆ’ ಎಂದು ಎಣ್ಣೆ ತಿಕ್ಕುತ್ತ ಕೂರಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿರಿ. ಎಣ್ಣೆ ತಿಕ್ಕುವ ಅರ್ಧಗಂಟೆಯಲ್ಲೇ ಜೀವ ಕಳೆದುಹೋಗಬಹುದು.

ಮಠಗಳಲ್ಲಿ ಆರೋಗ್ಯ ಶಿಬಿರಗಳು ನಡೆಯುತ್ತಲೇ ಇರುತ್ತವೆ. ಕೀಲುನೋವಿನ ಸಾಲಿನಲ್ಲಿ ನಿಂತ ಪ್ರತಿಯೊಬ್ಬರ ತೋಳಿಗೂ ರಕ್ತದೊತ್ತಡದ ಪಟ್ಟಿ ಸುತ್ತುವ ವ್ಯವಸ್ಥೆ ಅಲ್ಲಿ ಆಗಬೇಕು. ಅದಕ್ಕೆ ಬೇಕಾಗುವುದು ಎರಡು ನಿಮಿಷ ಮಾತ್ರ. ಭಕ್ತರಲ್ಲಿ ಓದುಬಲ್ಲ ತರುಣರು ಈ ಸೇವೆಗೆ ಮುಂದಾಗಲಿ ಎಂಬುದು ನಮ್ಮ ವಿನಂತಿ. ಶರಣು.