ಸಮುದ್ರ ಅಂದ್ರೆ ಅಪಾರ್ಟ್‌ಮೆಂಟಿನ ಈಜುಕೊಳ ಅಲ್ಲ ಸ್ವಾಮಿ!

"ರಿಲ್ಯಾಕ್ಸ್ ಆಗೋಕೆ ಹೋಗ್ತಿದೀವಿ, ಯಾರೂ ಟೆನ್ಷನ್ ತಗೋಬೇಡಿ." ಹೋದ ಜನವರಿಯಲ್ಲಿ ನಮ್ಮ ಟೀಮು ಗೋಕರ್ಣಕ್ಕೆ ಹೊರಟಾಗ ನಮ್ಮನ್ನು ಕರಕೊಂಡು ಹೋಗುವ ಹುಡುಗ ಹೇಳಿದ ಮೊದಲ ಮಾತು ಇದು. ಶುಕ್ರವಾರ ಸಂಜೆ ಮಹದೇವಪುರದಲ್ಲಿ ಬಸ್ಸು ಹತ್ತಿ ಟಿನ್ ಫ್ಯಾಕ್ಟರಿ ದಾಟೋದಕ್ಕೇ ಒಂದು ಗಂಟೆ ಹಿಡಿದಿತ್ತು. ಅಷ್ಟು ಹೊತ್ತಿಗೆ ಟೆನ್ಷನ್ ಬಿಟ್ಟು ಬೇರೇನೂ ನಮ್ಮ ಹತ್ತಿರ ಉಳಿದಿರಲಿಲ್ಲ ಅನ್ನೋದು ಬೇರೆ ಮಾತು :)

ಕಾರ್ಯಕ್ರಮ ಚೆನ್ನಾಗೇ ಇತ್ತು. ಓಂ ಬೀಚಿನಿಂದ ಹಾಫ್ ಮೂನ್, ಅಲ್ಲಿಂದ ಪ್ಯಾರಡೈಸ್ ತನಕ ಗುಡ್ಡ, ಬಂಡೆ ಹತ್ತಿಳಿದು ನಡೆಯೋದು. ಮಧ್ಯೆ ಎಲ್ಲಾದರೂ ಈಜು. ರಾತ್ರಿ ತದಡಿ ಕಡೆಯ ಒಂದು ತೋಟದಲ್ಲಿ ಟೆಂಟು. ಹದಿನಾಲ್ಕು ಜನರಲ್ಲಿ ಕನ್ನಡದವರು ಮೂವರು.

ದಾರಿಯಲ್ಲಿ ಒಂದು ಕಡೆ ಎಲ್ಲರೂ ನೀರಿಗಿಳಿಯಲು ತಯಾರಾದರು. ಎರಡೂ ಪಕ್ಕ ಅಲೆ ಒಡೀತಾ ಇತ್ತು, ನಡುವೆ ಒಂದಿಷ್ಟು ಜಾಗ ಮಾತ್ರ ಶಾಂತವಾಗಿತ್ತು. "ಇದೇ ಸೇಫ್" ಅಂತ ತೀರ್ಮಾನವೂ ಆಯ್ತು. ಅಲ್ಲೇ ಬಲೆ ಬಿಡಿಸುತ್ತಾ ಕೂತಿದ್ದ ಅಜ್ಜ ಒಬ್ಬರು ಕೂಗಿ ಹೇಳಿದರು, "ತಮಾ, ಅಲ್ಲಿ ಇಳೀಬೇಡಿ. ನೀರು ಎಳ್ಕಂಡು ಹೋಗ್ತದೆ."

ಹದಿನಾಲ್ಕರಲ್ಲಿ ಹನ್ನೊಂದು ಜನಕ್ಕೆ ಅದು ಅರ್ಥ ಆಗಲಿಲ್ಲ. ಅರ್ಥ ಆದ ಮೂವರಲ್ಲಿ ನಾನೂ ಒಬ್ಬ. "ಏನಂತೆ?" ಅಂತ ಒಬ್ಬ ಇಂಗ್ಲಿಷಿನಲ್ಲಿ ಕೇಳಿದ. ನಾನು ಹೇಳಿದ್ದು, "ಏನಿಲ್ಲ, ಹುಷಾರು ಅಂತಿದಾರೆ."

ಹತ್ತು ನಿಮಿಷದಲ್ಲಿ ನಮ್ಮವನೊಬ್ಬ ಐವತ್ತು ಮೀಟರ್ ಒಳಗಿದ್ದ. ಅಪಾರ್ಟ್‌ಮೆಂಟಿನ ಕೊಳದಲ್ಲಿ ದಿನಾ ಈಜುವವನು, ಹಾಗಾಗಿ ದಡದ ಕಡೆಗೇ ಜೋರಾಗಿ ಕೈ ಬೀಸುತ್ತಿದ್ದ. ಬೀಸಿದಷ್ಟೂ ಹಿಂದೆ ಹೋಗುತ್ತಿದ್ದ. ಅದೇ ಅಜ್ಜ ಇಬ್ಬರು ಹುಡುಗರನ್ನು ಕರೆದು ದೋಣಿ ತಳ್ಳಿಸಿದ್ದಕ್ಕೆ ಅವನು ಇವತ್ತು ನನ್ನ ಪಕ್ಕದ ಕ್ಯೂಬಿಕಲ್ಲಿನಲ್ಲಿ ಕೂತಿದ್ದಾನೆ.

ಆಮೇಲೆ ತಿಳಿದುಕೊಂಡೆ. ದಡಕ್ಕೆ ಬಂದ ನೀರು ವಾಪಸ್ ಹೋಗಲೇಬೇಕಲ್ಲ, ಅದು ದಾರಿ ಮಾಡಿಕೊಂಡು ಹೋಗುವ ಜಾಗದಲ್ಲೇ ಹೆಚ್ಚಾಗಿ ಅಲೆ ಒಡೆಯೋದಿಲ್ಲ. ನಮ್ಮ ಕಣ್ಣಿಗೆ ಶಾಂತವಾಗಿ ಕಂಡಿದ್ದೇ ಎಳೆತದ ಜಾಗ. ಸಿಕ್ಕಿಕೊಂಡರೆ ಅದಕ್ಕೆ ಎದುರಾಗಿ ಈಜಬಾರದು. ತೇಲಿಕೊಂಡು ಕೈಯೆತ್ತಿ ಕೂಗಬೇಕು, ಇಲ್ಲಾ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಎಳೆತದಿಂದ ಹೊರಬರಬೇಕು. ಇಷ್ಟನ್ನು ಬಸ್ಸಿನಲ್ಲಿ ಐದು ನಿಮಿಷ ಹೇಳಿದ್ದರೆ ಯಾರ ಮೋಜು ಹಾಳಾಗುತ್ತಿತ್ತು? ಅಂತಾಕ್ಷರಿಗೆ ಮೂರು ಗಂಟೆ ಇತ್ತು!

"ಲೈಫ್‌ಗಾರ್ಡ್ ಇಡೋದು ಸರಕಾರದ ಕೆಲಸ" ಅಂತೀರಿ. ಒಪ್ಪಿದೆ, ಇಡಲೇಬೇಕು. ಆದರೆ ನಾವು ಹುಡುಕಿಕೊಂಡು ಹೋಗೋದೇ ಯಾರೂ ಇಲ್ಲದ ಬೀಚನ್ನು. ಇನ್ನು ಕೆಲವರು "ಬೀಚು ಮುಚ್ಚಿಬಿಡಿ" ಅಂತಾರೆ. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಮುರುಡೇಶ್ವರದಲ್ಲಿ ನೀರುಪಾಲಾದಾಗ ಅಲ್ಲಿ ಕೆಲ ಕಾಲ ಬೀಚ್ ಮುಚ್ಚಿದ್ದರು. ಆ ಮಕ್ಕಳಿಗೆ ಕಡಲು ಗೊತ್ತಿರಲಿಲ್ಲ, ಅದು ಅವರ ತಪ್ಪಲ್ಲ. ಗೊತ್ತು ಮಾಡಿಸಬೇಕಾದ್ದು ದೊಡ್ಡವರು. ಮುಚ್ಚಿದರೆ ಎಳನೀರು ಮಾರುವವರ, ದೋಣಿಯವರ ಹೊಟ್ಟೆಗೆ ಹೊಡೆತ. ಕಡಲಂತೂ ಹಾಗೇ ಇರುತ್ತೆ.

ಬಯಲುಸೀಮೆಯ ನಮಗೆ ನೀರಿನ ಬುದ್ಧಿ ಬರಬೇಕಾದ್ದು ಊರ ಕೆರೆಯಿಂದ. ನಮ್ಮ ಕಡೆ ಕೆರೆಗಳ ಗತಿ ಏನಾಗಿದೆ ನೋಡಿ. 2015ರಲ್ಲಿ ವರ್ತೂರು ಕೆರೆಯ ನೊರೆ ರಸ್ತೆಗೇ ಹಾರಿ ಬಂದಿತ್ತು. ಅದರಲ್ಲಿ ಯಾವ ಮಗು ಈಜು ಕಲಿಯುತ್ತೆ? ನಾಲ್ಕಡಿ ನೀರಿನ ಈಜುಕೊಳದಲ್ಲಿ ಕಲಿತು ನೇರ ಅರಬ್ಬೀ ಸಮುದ್ರಕ್ಕೆ ಹಾರೋ ಜನ ನಾವು. ಹಾಗಿದ್ದ ಮೇಲೆ ದಡದಲ್ಲೇ ಬಾಳಿದವರ ಮಾತನ್ನಾದರೂ ಕೇಳಬೇಕಲ್ವಾ?

ಅದಕ್ಕೇ ನನ್ನ ಜಗಳ ಇರೋದು ಕನ್ನಡ ಗೊತ್ತಿಲ್ಲದ ಆ ಹನ್ನೊಂದು ಜನರ ಜೊತೆ ಅಲ್ಲ. ನನ್ನಂಥವರ ಜೊತೆ, ಇದನ್ನು ಓದುತ್ತಿರುವ ನಿಮ್ಮ ಜೊತೆ. ಆಫೀಸಿನಲ್ಲಿ ಕನ್ನಡ ಬೇಕು, ಬೋರ್ಡಿನಲ್ಲಿ ಕನ್ನಡ ಬೇಕು ಅಂತ ಉದ್ದುದ್ದ ಬರೀತೀವಿ. ಒಂದು ಕನ್ನಡ ವಾಕ್ಯ ಜೀವ ಉಳಿಸುವ ಹೊತ್ತಿಗೆ, ಗುಂಪಿನ ಮೂಡ್ ಕೆಡಿಸಬಾರದು ಅಂತ ಬಾಯಿ ಮುಚ್ಚಿಕೊಂಡು ನಿಲ್ತೀವಿ. ಲುಂಗಿ ಉಟ್ಟ ಅಜ್ಜನ ಮಾತನ್ನು ದೊಡ್ಡ ದನಿಯಲ್ಲಿ ಇಂಗ್ಲಿಷಿಗೆ ಹೇಳೋಕೆ ನಮಗೆ ನಾಚಿಕೆ. ನನಗೆ ಆಗಿದ್ದು ಅದೇ, ಸುಳ್ಳು ಯಾಕೆ ಹೇಳಲಿ.

ಮುಂದಿನ ಸಲ ನಿಮ್ಮ ಗುಂಪು ಹೊರಟಾಗ ಒಂದೇ ಕೆಲಸ ಮಾಡಿ. ನೀರಿಗಿಳಿಯುವ ಮೊದಲು ಅಲ್ಲಿನವರೊಬ್ಬರನ್ನು "ಇಲ್ಲಿ ಇಳೀಬಹುದಾ?" ಅಂತ ಕೇಳಿ. ಅವರು ಬೇಡ ಅಂದರೆ ಎಲ್ಲರಿಗೂ ಕೇಳುವ ಹಾಗೆ ಬೇಡ ಅನ್ನಿ. ಬೋರ್ ಅಂದುಕೊಳ್ಳೋರು ಅಂದುಕೊಳ್ಳಲಿ.

ಅಂದಹಾಗೆ ನಾನೂ ಈಜು ಕ್ಲಾಸಿಗೆ ಸೇರಿದೀನಿ. ನಲವತ್ತರ ಹತ್ತಿರ ಬಂದು ಆರು ವರ್ಷದ ಮಕ್ಕಳ ಸಾಲಿನಲ್ಲಿ ನಿಲ್ಲೋದು... ನಗ್ತೀರಾದ್ರೆ ನಗಿ. ಆದರೆ ನೀವೂ ಎಂದಾದರೂ ಹೀಗೆ ಸುಮ್ಮನೆ ನಿಂತಿದ್ರಾ? ಇದ್ದರೆ ಬರೀರಿ.