ಸುಸ್ತಿನ ಮೂಲ ರಕ್ತದಲ್ಲಿ ಹುಡುಕಿ

‘ಸದಾ ಸುಸ್ತೇ? ನಿಮ್ಮ ಅಡ್ರಿನಲ್ ಗ್ರಂಥಿ ದಣಿದಿದೆ. ಮನೆಯಲ್ಲೇ ಜೊಲ್ಲು ಕೊಟ್ಟು ಹಾರ್ಮೋನು ಪರೀಕ್ಷಿಸಿಕೊಳ್ಳಿ’ ಎಂಬ ಧಾಟಿಯ ಪ್ರಚಾರ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ರಾಯಚೂರು ಜಿಲ್ಲೆಯ ಓದುಗರು ಇದಕ್ಕೆ ದುಡ್ಡು ಸುರಿಯಬೇಕಿಲ್ಲ. ‘ಅಡ್ರಿನಲ್ ದಣಿವು’ ಎಂಬ ಕಾಯಿಲೆಯನ್ನು ವೈದ್ಯವಿಜ್ಞಾನ ಒಪ್ಪಿಲ್ಲ. 58 ಅಧ್ಯಯನಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಅದಕ್ಕೆ ಪುರಾವೆಯೇ ಇಲ್ಲವೆಂದು ಹೇಳಿದೆ.

ಜೊಲ್ಲಿನ ಪರೀಕ್ಷೆಗೂ ಅದರದೇ ಜಾಗವಿದೆ. ಅಡ್ರಿನಲ್ ಸ್ರವಿಸುವ ಕಾರ್ಟಿಸಾಲ್ ಬೆಳಿಗ್ಗೆ ಏರಿ ನಡುರಾತ್ರಿಗೆ ಇಳಿಯುತ್ತದೆ. ಹಾಗೆ ಇಳಿಯದೆ ಹೆಚ್ಚೇ ಉಳಿಯುವ ಕುಶಿಂಗ್ ಕಾಯಿಲೆಯನ್ನು ಗುರುತಿಸಲು ತಡರಾತ್ರಿಯ ಜೊಲ್ಲು ನೆರವಾಗುತ್ತದೆ. ಗ್ರಂಥಿ ಸೋತಿದೆಯೇ ಎಂದು ತಿಳಿಯಲು ಮಾತ್ರ ಬೆಳಗಿನ ರಕ್ತವೇ ಬೇಕು. ಅನುಮಾನ ಉಳಿದರೆ ಗ್ರಂಥಿಯನ್ನು ಪ್ರಚೋದಿಸುವ ಎಸಿಟಿಎಚ್ ಹಾರ್ಮೋನಿನ ಚುಚ್ಚುಮದ್ದು ಕೊಟ್ಟು ಮತ್ತೆ ರಕ್ತ ನೋಡುತ್ತಾರೆ.

ಗ್ರಂಥಿ ನಿಜವಾಗಿ ಸೋಲುವುದು ಗಂಭೀರ ಸಂಗತಿ. 1855ರಲ್ಲಿ ಥಾಮಸ್ ಅಡಿಸನ್ ವಿವರಿಸಿದ ಆ ಕಾಯಿಲೆಗೆ ಭಾರತದಲ್ಲಿ ಇಂದಿಗೂ ಕ್ಷಯ ಒಂದು ಮುಖ್ಯ ಕಾರಣ. ಅಂಗೈ ಗೆರೆ, ಒಸಡು ಕಪ್ಪಾಗುವುದು, ಉಪ್ಪಿಗಾಗಿ ಬಾಯಿ ಹಾತೊರೆಯುವುದು, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು ಅದರ ಗುರುತು. ವೈದ್ಯರು ಅಂಗೈ ಬಿಡಿಸಿ ನೋಡಲು ಕಾಸು ಖರ್ಚಿಲ್ಲ. ಮೈಕೈ ನೋವಿಗೆ, ದಮ್ಮಿಗೆ ಚೀಟಿಯಿಲ್ಲದೆ ನುಂಗುವ ಸ್ಟೀರಾಯ್ಡ್ ಗುಳಿಗೆಯೂ ಅಷ್ಟೇ ಅಪಾಯಕಾರಿ. ವಾರಗಟ್ಟಲೆ ನುಂಗಿದರೆ ಗ್ರಂಥಿ ತನ್ನ ಕೆಲಸ ಕೈಬಿಡುತ್ತದೆ. ಆಮೇಲೆ ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು.

ಆದರೆ ಬಹುತೇಕರ ಸುಸ್ತಿಗೆ ಇಷ್ಟು ದೂರ ಹೋಗಬೇಕಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ದಿನವಿಡೀ ಬಗ್ಗಿ ಹತ್ತಿ ಬಿಡಿಸುವ ಹೆಣ್ಣುಮಗಳು ಸುಸ್ತೆಂದು ಬಂದರೆ ಮೊದಲು ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ನೋಡಬೇಕು. ಕೆಮ್ಮಿದ್ದರೆ ಕಫ ಪರೀಕ್ಷಿಸಬೇಕು. ಯಾವ ಗುಳಿಗೆ ನುಂಗುತ್ತಿದ್ದಾರೆಂದು ಬಿಡಿಸಿ ಕೇಳಬೇಕು.

ದೇವದುರ್ಗ, ಮಾನ್ವಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಪರೀಕ್ಷೆಗಳು ಒಂದು ದಿನವೂ ತಪ್ಪಬಾರದು. ಕಾರ್ಟಿಸಾಲ್ ನೋಡಲೇಬೇಕಾದವರ ರಕ್ತವನ್ನು ಬೆಳಿಗ್ಗೆ ಎಂಟರ ಹೊತ್ತಿಗೆ ತೆಗೆದು ರಾಯಚೂರಿನ ರಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ತಲುಪಿಸುವ ಏರ್ಪಾಡು ಖಾತ್ರಿಯಾಗಬೇಕು. ಕೂಲಿ ಬಿಟ್ಟು ರೋಗಿಯೇ ಬಸ್ಸು ಹತ್ತುವಂತಾಗಬಾರದು. ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಮಾರುವುದು ಕಾನೂನುಬಾಹಿರ. ಔಷಧ ನಿಯಂತ್ರಣ ಇಲಾಖೆ ಅಂಗಡಿಗಳಿಗೆ ಹೋಗಿ ಬಿಲ್ಲು ತಪಾಸಣೆ ಮಾಡಲಿ, ತಪ್ಪಿದ್ದಲ್ಲಿ ಪರವಾನಗಿ ರದ್ದುಪಡಿಸಲಿ.